ಬೇಸ್ ಎಲ್ಲಿ ಹೋಯಿತು? ಗಿಟಾರ್ ಮೂಗಿನಲ್ಲಿ ಮಾತನಾಡುತ್ತಿದೆ

ಆರನೇತಂತಿ:
ಮೂರು ದಿನಗಳಿಂದ ಒದ್ದಾಡುತ್ತಿದ್ದೇನೆ. ನನ್ನ ಎಲೆಕ್ಟ್ರಿಕ್ ಗಿಟಾರಿನದು ಮೂಗು ಹಿಡಿದುಕೊಂಡು ಹಾಡಿದಂತಹ ಧ್ವನಿ. ಬೇಸ್ (ಕೆಳಸ್ವರಗಳ ದಪ್ಪ) ಹೆಸರಿಗೂ ಇಲ್ಲ. ಧ್ವನಿ ಹೆಚ್ಚಿಸುವ ಆಂಪ್‌ನ ಬೇಸ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಅಷ್ಟೇ. ತಂತಿಗಳು ಹೊಸವು, ಕೇಬಲ್ ಸರಿಯಿದೆ. ‘ಇನ್ನಷ್ಟು ಅಭ್ಯಾಸ ಮಾಡಿ’ ಎಂದು ದಯವಿಟ್ಟು ಯಾರೂ ಬರೆಯಬೇಡಿ.

ವಾಲ್ವ್‌ಭಕ್ತ:
ಪ್ರೀಆಂಪ್ ವಾಲ್ವ್ (ಆಂಪ್‌ನ ಮೊದಲ ಹಂತದ ಗಾಜಿನ ಕೊಳವೆ) ಸಾಯುತ್ತಿದೆ, ಅನುಮಾನವೇ ಬೇಡ. ಮೊದಲ 12ಎಎಕ್ಸ್7 ವಾಲ್ವ್ ಬದಲಿಸಿ. ಗಿಟಾರಿನ ಸಿಗ್ನಲ್ ಮೊದಲು ತಲುಪುವುದೇ ಅಲ್ಲಿಗೆ.

ಉದ್ದಕೇಬಲ್:
‘ಕೇಬಲ್ ಸರಿಯಿದೆ’ ಎಂದರೆ ಏನು? ಎಷ್ಟು ಮೀಟರ್? ಸಾಮಾನ್ಯ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಹತ್ತು ಮೀಟರ್ ಎಳೆದರೆ ಧ್ವನಿ ಕೆಡದೆ ಇನ್ನೇನಾಗುತ್ತದೆ?

ಬೆಸುಗೆಕಡ್ಡಿ:
ಉದ್ದದ ಕೇಬಲ್ ತಿನ್ನುವುದು ಟ್ರೆಬಲ್ (ಮೇಲುಸ್ವರ) ಅನ್ನು. ಇವರು ಅಳುತ್ತಿರುವುದು ಬೇಸ್‌ಗಾಗಿ. ಹೊಟ್ಟೆನೋವು ಎಂದು ಬಂದವರಿಗೆ ಕನ್ನಡಕ ಬರೆದುಕೊಡುತ್ತಿದ್ದೀರಿ. ಆರನೇತಂತಿಯವರೇ, ಯಾವ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಅಯಸ್ಕಾಂತ-ಸುರುಳಿ)? ಪಿಕಪ್ ಆರಿಸುವ ಸ್ವಿಚ್ ಯಾವ ಸ್ಥಾನದಲ್ಲಿದೆ?

ಉದ್ದಕೇಬಲ್:
ಪ್ರಶ್ನೆ ಕೇಳುವುದೂ ತಪ್ಪಾಯಿತೇ? ಇನ್ನು ನಾನು ಬಾಯಿ ಬಿಡುವುದಿಲ್ಲ.

ವಾಲ್ವ್‌ಭಕ್ತ:
ವಾಲ್ವ್ ಬದಲಿಸಿದಿರಾ?

ಆರನೇತಂತಿ:
ಎರಡು ಹಂಬಕರ್‌ಗಳಿವೆ. ಜೋಡಿ ಸುರುಳಿಯ ಪಿಕಪ್, ಕತ್ತಿನ (ನೆಕ್) ಕಡೆಗೊಂದು, ತಂತಿ ಕೂರುವ ಬ್ರಿಡ್ಜ್ ಕಡೆಗೊಂದು. ಸ್ವಿಚ್ ಮಧ್ಯದಲ್ಲಿದೆ, ಅಂದರೆ ಎರಡೂ ಒಟ್ಟಿಗೆ, ನಾನು ನುಡಿಸುವುದೇ ಅಲ್ಲಿ. ಜೊತೆಗೆ ಇನ್ನೊಂದು ಪೀಡೆ: ನೆಕ್ ಪಿಕಪ್ಪಿನ ವಾಲ್ಯೂಮ್ ಅನ್ನು 10ರಿಂದ 7ಕ್ಕೆ ಇಳಿಸಿದರೆ ಧ್ವನಿ ದಪ್ಪವಾಗುತ್ತದೆ. ಪಾಟ್ (ವಾಲ್ಯೂಮ್ ಗುಂಡಿಯ ಒಳಭಾಗ) ಕೂಡ ಕೆಟ್ಟಿರಬೇಕು. ಅಂದಹಾಗೆ ವಾಲ್ವ್ ಎಲ್ಲಿರುತ್ತದೆ? ಆಂಪ್‌ನ ಹಿಂದಿನ ಮುಚ್ಚಳ ಬಿಚ್ಚಿ ಹುಡುಕಿದೆ, ಕಾಣಲಿಲ್ಲ. ನನ್ನದು ಟ್ರಾನ್ಸಿಸ್ಟರ್ ಆಂಪ್.

ಬೆಸುಗೆಕಡ್ಡಿ:
ಮೊದಲು ಆ ಮುಚ್ಚಳ ಹಾಕಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ವಾಲ್ವ್‌ಭಕ್ತ:
ಟ್ರಾನ್ಸಿಸ್ಟರ್ ಎಂದು ಮೊದಲೇ ಹೇಳಬಾರದಿತ್ತೇ? ಹಾಗಾದರೆ ಆಂಪ್‌ನದ್ದೇ ತಪ್ಪು. ನನ್ನದು ಎರಡು ಇಎಲ್34 ವಾಲ್ವ್ ಇರುವ 50 ವ್ಯಾಟಿನ ಹೆಡ್, ಕೆಳಗೆ 12 ಅಂಗುಲದ ನಾಲ್ಕು ಸ್ಪೀಕರ್‌ಗಳು. ಒಂದು ಇ ಕಾರ್ಡ್ ಬಾರಿಸಿದರೆ ಕಿಟಕಿಯ ಗಾಜು ನಡುಗುತ್ತದೆ.

ಹಳೆಮರ:
ಮನೆಯೊಳಗೆ 50 ವ್ಯಾಟ್! ವಾಲ್ಯೂಮ್ ಎಂದಾದರೂ 2 ದಾಟಿದ್ದುಂಟೇ? ನನ್ನದು ಒಂದೇ ಇಎಲ್84 ಇರುವ 5 ವ್ಯಾಟಿನದು. ಪೂರ್ತಿ ಏರಿಸಿ ನುಡಿಸುತ್ತೇನೆ, ಪವರ್ ವಾಲ್ವ್ ನಿಜವಾಗಿ ಬೆವರುತ್ತದೆ.

ವಾಲ್ವ್‌ಭಕ್ತ:
5 ವ್ಯಾಟ್ ಎಂದರೆ ರೇಡಿಯೊ.

ಬೆಸುಗೆಕಡ್ಡಿ:
ನಿಮ್ಮಿಬ್ಬರ ಜಗಳ ಆಮೇಲೆ. ಪಾಟ್ ಕೆಟ್ಟಿಲ್ಲ, ಅದೇ ಕಳ್ಳನನ್ನು ಹಿಡಿದುಕೊಟ್ಟಿದೆ. ಎರಡು ಪಿಕಪ್‌ಗಳು ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿವೆ. ಒಂದು ಮೇಲಕ್ಕೆ ತಳ್ಳುವಾಗ ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಕೆಳಸ್ವರಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಅವೇ ಪರಸ್ಪರ ಅಳಿಸಿಹೋಗುತ್ತವೆ, ಉಳಿಯುವುದು ಮೂಗಿನ ಧ್ವನಿ. ಒಂದನ್ನು ಸ್ವಲ್ಪ ಇಳಿಸಿದರೆ ಅಳಿಸುವ ಬಲ ಕುಗ್ಗಿ ಬೇಸ್ ಮರಳುತ್ತದೆ. ನಿಜ ಹೇಳಿ, ಪಿಕಪ್ ಬದಲಿಸಿದ್ದೀರಾ?

ಆರನೇತಂತಿ:
ಬ್ರಿಡ್ಜ್‌ನದು ಹೊಸದು, ಕಳೆದ ವಾರ ನಾನೇ ಬೆಸುಗೆ ಹಾಕಿದೆ. ಅದನ್ನು ಒಂದನ್ನೇ ನುಡಿಸಿದರೆ ಚೆನ್ನಾಗಿಯೇ ಇದೆ. ಅದಕ್ಕೇ ಹೇಳಲಿಲ್ಲ.

ಬೆಸುಗೆಕಡ್ಡಿ:
ಒಂಟಿಯಾಗಿದ್ದಾಗ ಯಾವ ಪಿಕಪ್ಪೂ ಯಾರ ಜೊತೆಗೂ ಜಗಳವಾಡುವುದಿಲ್ಲ. ಗಿಟಾರನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಕೇಬಲ್ ಚುಚ್ಚಿ, ವಾಲ್ಯೂಮ್‌ಗಳನ್ನು 10ಕ್ಕೆ ಇಟ್ಟು, ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದು 20 ಕಿಲೋಓಮ್‌ಗೆ ತಿರುಗಿಸಿ. ಸ್ವಿಚ್ ನೆಕ್‌ಗೆ ಹಾಕಿ, ಪಿಕಪ್ ಮೇಲೆ ಸ್ಕ್ರೂಡ್ರೈವರ್ ಒರಗಿಸಿ ಫಕ್ಕನೆ ಎತ್ತಿ. ಅಂಕಿ ಕ್ಷಣಕಾಲ ಏರುತ್ತದೆಯೋ ಇಳಿಯುತ್ತದೆಯೋ ನೋಡಿಕೊಳ್ಳಿ. ಬ್ರಿಡ್ಜ್‌ಗೂ ಅದನ್ನೇ ಮಾಡಿ. ಎರಡೂ ಒಂದೇ ದಿಕ್ಕಿಗೆ ಜಿಗಿಯಬೇಕು.

ಹಳೆಮರ:
ಸರಿಪಡಿಸುವ ಮೊದಲು ಯೋಚಿಸಿ! ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್‌ನ ಮಧ್ಯಸ್ಥಾನದ ಹೆಸರುವಾಸಿ ಧ್ವನಿ ಇದೇ. ನೆಕ್ ಪಿಕಪ್ಪಿನ ಅಯಸ್ಕಾಂತ ತಿರುಗಿತ್ತು, ಅಷ್ಟೇ. ಬೇಕೆಂದೇ ಹಾಗೆ ಮಾಡಿಸಿಕೊಳ್ಳುವವರಿದ್ದಾರೆ.

ಉದ್ದಕೇಬಲ್:
ಅವರ ಕೈ ಬೇರೆ, ನಮ್ಮ ಕೈ ಬೇರೆ.

ಆರನೇತಂತಿ:
ನೆಕ್‌ನಲ್ಲಿ ಏರಿತು, ಬ್ರಿಡ್ಜ್‌ನಲ್ಲಿ ಇಳಿಯಿತು! ಕೂಡಲೇ ನೆಕ್ ಪಿಕಪ್ಪಿನ ಎರಡು ತಂತಿಗಳನ್ನು ಅದಲುಬದಲು ಮಾಡಿದೆ. ಬೇಸ್ ಬಂತು. ಆದರೆ ಈಗ ಆ ಪಿಕಪ್ಪಿನ ಲೋಹದ ಕವರ್‌ಗೆ ಬೆರಳು ತಾಗಿದರೆ ಜುಂಯ್ ಎನ್ನುತ್ತದೆ. ನನ್ನ ಹಣೆಬರಹ.

ವಾಲ್ವ್‌ಭಕ್ತ:
ಟ್ರಾನ್ಸಿಸ್ಟರ್ ಆಂಪ್ ಹಾಗೆಯೇ.

ಬೆಸುಗೆಕಡ್ಡಿ:
ಹಣೆಬರಹವಲ್ಲ, ಅವಸರ. ಹಳೆಯ ಪಿಕಪ್ಪಿನಲ್ಲಿ ಹೊರಗಿನ ಹೆಣೆದ ತಂತಿಯೇ ಗ್ರೌಂಡ್, ಅದು ಕವರ್‌ಗೂ ಅಂಟಿಕೊಂಡಿರುತ್ತದೆ. ತಿರುಗಿಸಿದಾಗ ಕವರ್ ಹಾಟ್ (ಸಿಗ್ನಲ್ ಹೊರುವ ಬದಿ) ಆಯಿತು, ನಿಮ್ಮ ಬೆರಳು ಆಂಟೆನಾ ಆಯಿತು. ಅದನ್ನು ಮೊದಲಿನಂತೆಯೇ ಬೆಸೆಯಿರಿ. ಬದಲಿಸಬೇಕಾದದ್ದು ಹೊಸದನ್ನು. ಅದರಲ್ಲಿ ಎಷ್ಟು ತಂತಿಗಳಿವೆ?

ಆರನೇತಂತಿ:
ನಾಲ್ಕು ಬಣ್ಣದವು, ಒಂದು ಬರಿಯದು. ಹೇಳಿದ್ದೆನಲ್ಲ?

ಬೆಸುಗೆಕಡ್ಡಿ:
ಹೇಳಿರಲಿಲ್ಲ. ಒಟ್ಟಿಗೆ ಸುತ್ತಿ ಟೇಪ್ ಹಚ್ಚಿದ ಎರಡನ್ನು ಮುಟ್ಟಬೇಡಿ. ಹಾಟ್‌ಗೆ ಹೋದದ್ದನ್ನು ಗ್ರೌಂಡ್‌ಗೆ, ಗ್ರೌಂಡ್‌ಗೆ ಹೋದದ್ದನ್ನು ಹಾಟ್‌ಗೆ ಬೆಸೆಯಿರಿ. ಬರಿಯ ತಂತಿ ಗ್ರೌಂಡ್‌ನಲ್ಲಿಯೇ ಇರಲಿ. ಯಾರದೋ ಚಿತ್ರದ ಬಣ್ಣ ನಂಬಬೇಡಿ. ಒಬ್ಬ ತಯಾರಕರಲ್ಲಿ ಕಪ್ಪು ಹಾಟ್ ಆದರೆ ಇನ್ನೊಬ್ಬರಲ್ಲಿ ಕೆಂಪು.

ಆರನೇತಂತಿ:
ಆಯಿತು! ಜುಂಯ್ ಹೋಯಿತು, ಮಧ್ಯಸ್ಥಾನದಲ್ಲಿ ಆರನೇ ತಂತಿ ಎದೆಗೆ ತಾಗುವಂತೆ ಕೇಳುತ್ತಿದೆ. ಆಂಪ್‌ನ ಮುಚ್ಚಳವನ್ನೂ ಹಾಕಿದೆ. ಒಂದು ಸ್ಕ್ರೂ ಮಾತ್ರ ಮೇಜಿನ ಮೇಲೆ ಉಳಿದಿದೆ. ಅದು ಎಲ್ಲಿಯದಿರಬಹುದು?