ಸಹಾಯ ಬೇಕು: ಗೃಹಜ್ಯೋತಿ ಇರೋ ಮನೆಗೆ ಸೋಲಾರ್ ಹಾಕ್ಸಿದ್ರೆ ಲಾಭ ಇದ್ಯಾ?

ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ ಅಪ್ಪ ಅಮ್ಮ ಇರೋ ಮನೆಗೆ ಪಿಎಂ ಸೂರ್ಯ ಘರ್ ಸ್ಕೀಮಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕ್ಸೋಣ ಅಂತಿದೀನಿ. ಸಬ್ಸಿಡಿ ಲೆಕ್ಕ ಗೊತ್ತು, ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೇದಕ್ಕೆ 18,000, ಒಟ್ಟು 78,000 ರೂಪಾಯಿ, ಅದಕ್ಕಿಂತ ದೊಡ್ಡದು ಹಾಕಿದ್ರೂ ಅಷ್ಟೇ.

ತಲೆ ಕೆಡ್ತಿರೋದು ಗೃಹಜ್ಯೋತಿ ವಿಷ್ಯ. ಹೆಚ್ಚಿನ ತಿಂಗಳು ಸೊನ್ನೆ ಬಿಲ್ ಬರುತ್ತೆ, ಆದ್ರೆ ಬೇಸಿಗೇಲಿ ಎಸಿ ಹಾಕಿ ಜೊತೆಗೆ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡಿದ್ರೆ 200 ಯೂನಿಟ್ ದಾಟುತ್ತೆ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 1 ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಅಂದ್ರೂ 3 ಕಿಲೋವ್ಯಾಟ್‌ಗೆ ತಿಂಗಳಿಗೆ 350ರ ಹತ್ರ ಬರುತ್ತೆ, ನಮಗೆ ಅಷ್ಟು ಬೇಕಾಗಲ್ಲ. ನೆಟ್ ಮೀಟರ್ (ಲೈನಿಂದ ತಗೊಂಡ ಯೂನಿಟ್, ಲೈನಿಗೆ ವಾಪಸ್ ಕೊಟ್ಟ ಯೂನಿಟ್ ಎರಡನ್ನೂ ಅಳೆಯೋ ಮೀಟರ್) ಹಾಕ್ಸಿದವ್ರು ಯಾರಾದ್ರೂ ಇದ್ರೆ ಹೇಳಿ, ಗೃಹಜ್ಯೋತಿ ಮುಂದುವರೀತಾ? ಮಿಕ್ಕಿದ ಯೂನಿಟ್‌ಗೆ ದುಡ್ಡು ಎಷ್ಟು ಸಿಕ್ತು? 2 ಕಿಲೋವ್ಯಾಟೇ ಸಾಕಾ?

ಇನ್ನೊಂದು, ಒಬ್ಬ ವೆಂಡರ್ ಕರೆಂಟ್ ಹೋದ್ರೂ ಸೋಲಾರಲ್ಲಿ ಮನೆ ನಡೆಯುತ್ತೆ ಅಂತ ಅಮ್ಮಂಗೆ ಹೇಳಿ ಹೋಗಿದಾನೆ. ಬ್ಯಾಟರಿ ಇಲ್ದೆ ಕರೆಂಟ್ ಲೈನಿಗೆ ಜೋಡಿಸೋ ಆನ್‌ಗ್ರಿಡ್ ಇನ್ವರ್ಟರ್, ಲೈನ್‌ಮ್ಯಾನ್‌ಗಳ ಸುರಕ್ಷತೆಗೋಸ್ಕರ ಕರೆಂಟ್ ಹೋದ ತಕ್ಷಣ ಆಫ್ ಆಗುತ್ತೆ ಅಲ್ವಾ, ವಯಸ್ಸಾದವ್ರಿಗೆ ಹೀಗೆ ಸುಳ್ಳು ಹೇಳ್ಬಾರ್ದು. ಅವನ ಕೊಟೇಶನ್ನಲ್ಲಿ ಡಿಸಿಆರ್ ಪ್ಯಾನೆಲ್ ಅಂತಾನೂ ಬರೆದಿಲ್ಲ, ದೇಶದಲ್ಲೇ ತಯಾರಾದ ಆ ಪ್ಯಾನೆಲ್ ಇಲ್ದೆ ಸಬ್ಸಿಡಿ ಸಿಗಲ್ಲ.

ಪಕ್ಕದ ಮನೆ ತೆಂಗಿನಮರದ ನೆರಳು ಸಂಜೆ ತಾರಸಿ ಮೇಲೆ ಬೀಳುತ್ತೆ. ಇಂಥ ಕಡೆ ಮೈಕ್ರೋ ಇನ್ವರ್ಟರ್ (ಒಂದೊಂದು ಪ್ಯಾನೆಲ್‌ಗೂ ಬೇರೆ ಬೇರೆ ಹಾಕೋ ಚಿಕ್ಕ ಇನ್ವರ್ಟರ್) ಹಾಕ್ಸಿರೋರು ಇದೀರಾ, ಕೊಟ್ಟ ದುಡ್ಡಿಗೆ ಸರಿ ಅನ್ಸ್ತಾ? ದಯವಿಟ್ಟು ಬಿಲ್ ಫೋಟೋ ಇದ್ರೆ ಆರ್‌ಆರ್ ನಂಬರ್ ಮರೆಮಾಡಿ ಹಾಕಿ, ತುಂಬಾ ಉಪಕಾರ ಆಗುತ್ತೆ.