ಎಲೆಕ್ಟ್ರಾನ್‌ಗೆ ಪೆಟ್ರೋಲ್ ಹಾಕೋರು ಯಾರು?

ಗುಂಪು: ಮೇಲಿನಮನೆ ಬಳಗ

ದೊಡ್ಡಪ್ಪ (ತೀರ್ಥಹಳ್ಳಿ): *ಫಾರ್ವರ್ಡ್* ಪರಮಾಣುವಿನೊಳಗೆ ಎಲೆಕ್ಟ್ರಾನ್ ಕೋಟ್ಯಂತರ ವರ್ಷದಿಂದ ಸುತ್ತುತ್ತಿದೆ. ಪೆಟ್ರೋಲ್ ಇಲ್ಲ, ಮೋಟರ್ ಇಲ್ಲ. ತಳ್ಳುವವರು ಯಾರು? ವಿಜ್ಞಾನದ ಬಳಿ ಉತ್ತರವಿಲ್ಲ!! ಅದಕ್ಕೇ ಜಿನೀವಾದ ಭೌತವಿಜ್ಞಾನ ಕೇಂದ್ರ ಸರ್ನ್‌ನಲ್ಲಿ ನಟರಾಜನ ಪೂಜೆ 🙏 ಹತ್ತು ಜನಕ್ಕೆ ಕಳಿಸಿ.

ಸುಮತ್ತೆ (ಸಾಗರ): ಭಾವ, ಮೂರ್ತಿ ಇರೋದು ನಿಜ. 2004ರಲ್ಲಿ ನಮ್ಮ ಸರ್ಕಾರ ಕೊಟ್ಟ ಉಡುಗೊರೆ. ಪೂಜೆ ಗೀಜೆ ಎಂತದೂ ಇಲ್ಲ.

ದೊಡ್ಡಪ್ಪ: ಆಯ್ತು. ತಳ್ಳೋದು ಯಾರು ಹೇಳು.

ಅರುಣ: ಪ್ರಶ್ನೆಯೇ ತಿರುವುಮುರುವು ದೊಡ್ಡಪ್ಪ. ಆಷಾಢದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ದಣಪೆ ತನಕ ಹೋದ್ರಲ್ಲ, ದಾರಿಯುದ್ದಕ್ಕೂ ಯಾರಾದ್ರೂ ತಳ್ತಾ ಬಂದ್ರಾ?

ಗಣೇಶಮಾವ: 😂😂😂

ಅರುಣ: ಹೋಗ್ತಾ ಇರೋಕೆ ಕಾರಣ ಬೇಡ. ನಿಲ್ಸೋಕೆ, ತಿರುಗ್ಸೋಕೆ ಬೇಕು. ನ್ಯೂಟನ್ 1687ರಲ್ಲೇ ಬರೆದಿಟ್ಟಿದ್ದು.

ದೊಡ್ಡಪ್ಪ: ಹಂಗಾದ್ರೆ ಎಲೆಕ್ಟ್ರಾನ್ ನೇರ ಹೋಗ್ಬೇಕಿತ್ತು. ಸುತ್ತೋದು ಎಂತಕ್ಕೆ?

ಸುಮತ್ತೆ: ಈಗ ಸರಿಯಾದ್ದು ಕೇಳಿದ್ರಿ. ಸುತ್ತೋದೇ ಇಲ್ಲ ಭಾವ! ನಾನೂ ಮೂವತ್ತು ವರ್ಷ ಬೋರ್ಡಿನ ಮೇಲೆ ವಿಜ್ಞಾನಿ ಬೋರ್‌ನ 1913ರ ಚಿತ್ರವನ್ನೇ ಬರೆದೆ, ನಡುವೆ ನ್ಯೂಕ್ಲಿಯಸ್ ಅನ್ನೋ ತಿರುಳು, ಸುತ್ತ ಓಡೋ ಎಲೆಕ್ಟ್ರಾನ್, ಮಕ್ಕಳಿಗೆ ಸುಲಭ ಅಂತ. ಗ್ರಹದ ಹಾಗೆ ಸುತ್ತಿದ್ರೆ ಶಕ್ತಿಯನ್ನೆಲ್ಲ ಬೆಳಕಾಗಿ ಚೆಲ್ಲಿ, ಕಣ್ಣು ಮಿಟುಕಿಸೋದ್ರೊಳಗೆ ನ್ಯೂಕ್ಲಿಯಸ್‌ಗೆ ಬಿದ್ದಿರ್ತಿತ್ತು. ಆಗುಂಬೆ ಮಂಜಿನ ಹಾಗೆ ಹರಡ್ಕೊಂಡಿರತ್ತೆ ಅಂದ್ಕೊಳ್ಳಿ. ನ್ಯೂಕ್ಲಿಯಸ್ ಒಳಕ್ಕೆ ಎಳೆಯತ್ತೆ. ಆದ್ರೆ ಇಕ್ಕಟ್ಟಿಗೆ ತುರುಕಿದಷ್ಟೂ ಎಲೆಕ್ಟ್ರಾನ್‌ನ ಚಡಪಡಿಕೆ ಜೋರಾಗತ್ತೆ, ವಿಜ್ಞಾನಿ ಹೈಸೆನ್‌ಬರ್ಗ್ 1927ರಲ್ಲಿ ಹೇಳಿದ್ದು ಅದನ್ನೇ. ಎಳೆತ, ಚಡಪಡಿಕೆ ಎರಡೂ ರಾಜಿಯಾದಲ್ಲಿ ಅದರ ನೆಲೆ. ಅದಕ್ಕಿಂತ ಕೆಳಗೆ ಮೆಟ್ಟಿಲೇ ಇಲ್ಲ. ಕಳ್ಕೊಳ್ಳೋಕೆ ಏನೂ ಉಳಿದಿಲ್ಲ ಅಂದ್ಮೇಲೆ ಪೆಟ್ರೋಲ್ ಯಾಕೆ?

ಗಣೇಶಮಾವ: ಫ್ರಿಜ್ಜಲ್ಲಿಟ್ರೆ ಸುಮ್ನಾಗತ್ತಾ?

ಅರುಣ: ಆಗಲ್ಲ ಮಾವ. ಹೀಲಿಯಂ ಅನಿಲ ನೋಡಿ, ಮೈನಸ್ 273 ಡಿಗ್ರಿ ಅಂದ್ರೆ ತಣ್ಣಗಾಗೋದರ ಕೊನೆಯ ಮಿತಿ, ಅದರ ಹತ್ತಿರ ಹೋದ್ರೂ ಹೆಪ್ಪುಗಟ್ಟಲ್ಲ. ಅದರ ಕಣಗಳ ನಡುಕ ನಿಲ್ಲೋದೇ ಇಲ್ಲ. ಗಟ್ಟಿಯಾಗ್ಬೇಕಂದ್ರೆ ನಮ್ಮ ಗಾಳಿಯ ಒತ್ತಡದ ಸುಮಾರು 25 ಪಟ್ಟು ಹಾಕಿ ಅದುಮ್ಬೇಕು.

ದೊಡ್ಡಪ್ಪ: ಆ ನಡುಕ ಇಟ್ಟೋರು ಯಾರು? ಅಲ್ಲೇ ನಮ್ಮ ಶಿವ.

ಸುಮತ್ತೆ: ಇಟ್ಕೊಳ್ಳಿ ಭಾವ, ನಾನೂ ಸೋಮವಾರ ದೀಪ ಹಚ್ಚೋಳೇ. 'ಉತ್ತರವಿಲ್ಲ' ಅನ್ನೋ ಸಾಲು ಮಾತ್ರ ಅಳಿಸಿ.

ಗಣೇಶಮಾವ: ಇಲ್ಲಿ ಕರೆಂಟ್ ಹೋಯ್ತು ಮಾರಾಯ್ರೆ. ಜೋಗದಿಂದ ಎಲೆಕ್ಟ್ರಾನ್ ಬರೋದು ನಿಂತಿರ್ಬೇಕು.

ಅರುಣ: ಅವು ಅಲ್ಲಿಂದ ಬರೋದೇ ಇಲ್ಲ ಮಾವ. ನಿಮ್ಮನೆ ತಂತಿಯಲ್ಲಿರೋವೇ ಸೆಕೆಂಡಿಗೆ 50 ಸಲ ಇದ್ದಲ್ಲೇ ಹಿಂದೆಮುಂದೆ ಅಲ್ಲಾಡ್ತವೆ.

ಗಣೇಶಮಾವ: ನಮ್ಮನೆ ಎಲೆಕ್ಟ್ರಾನಿಗೆ ನಾನ್ಯಾಕೆ ಬಿಲ್ ಕಟ್ಲಿ?

ದೊಡ್ಡಪ್ಪ: ಅಲ್ಲಾಡಿಸಿದ ಕೂಲಿ.