ಎರಡು ವರ್ಷದ ಮಗುವಿಗೆ ಮೆಡಿಟರೇನಿಯನ್ ಊಟ: ಮನೆ ಅಡುಗೆ ಬದಲಿಸಬೇಕಾ?

ಮೇಘಾ, ಮಿಲಾನ್: ಮಗಳಿಗೆ ಎರಡು ತುಂಬಿದೆ. ಶಿಶುವಿಹಾರದಲ್ಲಿ ಕಾಳಿನ ಸೂಪು, ಮೀನು, ಆಲಿವ್ ಎಣ್ಣೆ ಹಾಕಿದ ತರಕಾರಿ ಕೊಡುತ್ತಾರೆ. ಅಲ್ಲಿ ತಿನ್ನುತ್ತಾಳಂತೆ. ಮನೆಗೆ ಬಂದರೆ ಮೊಸರನ್ನ, ಪಾಸ್ತಾ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯುವುದಿಲ್ಲ. ಅತ್ತೆ "ಹಾಲಾದ್ರೂ ಕುಡಿಸು" ಅನ್ನುತ್ತಾರೆ. ದಿನಕ್ಕೆ ಮುಕ್ಕಾಲು ಲೀಟರ್ ಕುಡಿಯುತ್ತಾಳೆ. ನಾವೂ ಇಲ್ಲಿಯವರ ಹಾಗೆ ಮೆಡಿಟರೇನಿಯನ್ ಅಡುಗೆ ಮಾಡಬೇಕಾ?

ಶ್ರೀಧರ್, ಬೆಂಗಳೂರು: ಬೇಡ. ಅದಕ್ಕೆ ಹೆಸರು ದೊಡ್ಡದು ಅಷ್ಟೇ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ನೋಡಿ: ಇಟಲಿ, ಗ್ರೀಸ್, ಸ್ಪೇನ್, ಸೈಪ್ರಸ್‌ನಲ್ಲಿ ಸುಮಾರು ಐವರು ಹುಡುಗರಲ್ಲಿ ಒಬ್ಬನಿಗೆ ಬೊಜ್ಜು. ಯುರೋಪಿನಲ್ಲೇ ಇದು ಜಾಸ್ತಿ.

ಪ್ರಸನ್ನ, ಬಾರ್ಸಿಲೋನಾ: ಶ್ರೀಧರ್ ಸರ್, ಆ ಮಕ್ಕಳು ಆ ಊಟ ಬಿಟ್ಟಿದ್ದಕ್ಕೇ ಹಾಗಾಯಿತು ಅಂತಲೂ ಆಗ ಹೇಳಿದ್ದರು. ಈಗ ಅವರ ಕೈಯಲ್ಲಿರುವುದು ಸಿಹಿ ತಿಂಡಿ, ಸಿಹಿ ಪಾನೀಯ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಊಟಕ್ಕೂ ಹೃದಯಕ್ಕೂ ಇರುವ ನಂಟು ಹುಡುಕಲು ಏಳು ದೇಶಗಳ ಅಧ್ಯಯನ ಶುರು ಮಾಡಿದ ಕಾಲಕ್ಕೆ ಗ್ರೀಸ್‌ನ ಕ್ರೀಟ್ ದ್ವೀಪದವರ ಊಟ ಸೊಪ್ಪು, ಕಾಳು, ಬ್ರೆಡ್, ಹಣ್ಣು, ಆಲಿವ್ ಎಣ್ಣೆ. ಮಾಂಸ ಅಪರೂಪ.

ಶ್ರೀಧರ್, ಬೆಂಗಳೂರು: ಕೀಸ್ ನೋಡಿದ್ದು ನಡುವಯಸ್ಸಿನ ಗಂಡಸರ ಹೃದಯವನ್ನು. ಅದನ್ನು ಕೂಸಿನ ತಟ್ಟೆಗೆ ಹಾಗೇ ತಂದು ಹಾಕೋಕಾಗಲ್ಲ.

ವಿದ್ಯಾ, ಉಡುಪಿ: ಆ ಮಾತು ಒಪ್ಪುತ್ತೇನೆ. ಆದರೆ ಮೇಘಾ, ನನಗೆ ಎಣ್ಣೆಗಿಂತ ಹಾಲಿನದೇ ಚಿಂತೆ. ಈ ವಯಸ್ಸಿಗೆ ದಿನಕ್ಕೆ 500 ಮಿಲಿ ದಾಟಬಾರದು. ಹಾಲಿನಲ್ಲಿ ಕಬ್ಬಿಣದಂಶ ತೀರಾ ಕಡಿಮೆ. ಹೊಟ್ಟೆ ಹಾಲಿನಿಂದಲೇ ತುಂಬಿದರೆ ಕಾಳು, ಸೊಪ್ಪಿಗೆ ಜಾಗ ಎಲ್ಲಿ? ರಕ್ತಹೀನತೆ ಬರುವುದೇ ಹೀಗೆ. ಮಗು ಸುಸ್ತಾಗಿದ್ದರೆ, ಬಿಳಿಚಿಕೊಂಡಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಅಡುಗೆ ಬದಲಿಸಬೇಡಿ. ಕಡಲೆಕಾಳು, ಪಾಲಕ್ ಹಾಕಿ ಹುಳಿ ಮಾಡುತ್ತೀರಲ್ವಾ? ಉಪ್ಪು, ಖಾರ ಹಾಕುವ ಮೊದಲೇ ಅವಳ ಪಾಲು ತೆಗೆದಿಡಿ. ಕಾಳನ್ನು ಚೆನ್ನಾಗಿ ಹಿಸುಕಿ, ನಾಲ್ಕು ಹನಿ ನಿಂಬೆರಸ ಹಿಂಡಿ. ಕಬ್ಬಿಣದಂಶ ಮೈಗೆ ಹತ್ತುತ್ತದೆ. ಎಣ್ಣೆ ಆಲಿವ್‌ದಾದರೂ ಸರಿ, ಕಡಲೆಕಾಯಿಯದಾದರೂ ಸರಿ. ಇನ್ನು ಮೀನಿಗೆ ನಮ್ಮ ಬೂತಾಯಿ ಇದೆಯಲ್ಲ, ಇಟಲಿಯಲ್ಲೂ ಅದನ್ನೇ ಹೋಲುವ ಸಾರ್ಡೀನ್ ಸಿಗುತ್ತದೆ. ಮುಳ್ಳು ಬಿಡಿಸಿ ಕೊಡಿ. ಕತ್ತಿಮೀನು ಮಾತ್ರ ಬೇಡ, ಅದರಲ್ಲಿ ಪಾದರಸ ಜಾಸ್ತಿ.

ಜಾನಕಿ, ಮೈಸೂರು: ತಿನ್ನಲ್ಲ ಅಂದ ಮಗೂನ ಹಾಗೇ ಬಿಡೋಕಾಗತ್ತಾ? ನಾವೆಲ್ಲ ಚಂದಮಾಮನ್ನ ತೋರಿಸಿ, ಅಂಗಳದಲ್ಲಿ ಹಿಂದೆ ಓಡಾಡಿ ತಿನ್ನಿಸಿದ್ದು.

ವಿದ್ಯಾ, ಉಡುಪಿ: ಜಾನಕಮ್ಮ, ಆ ಪ್ರೀತಿಗೆ ಎದುರು ಮಾತಿಲ್ಲ. ಆದರೆ ಓಡಾಡಿಸಿ, ಮೊಬೈಲ್ ತೋರಿಸಿ ತಿನ್ನಿಸಿದರೆ ಮಗುವಿಗೆ ತನ್ನ ಹಸಿವೇ ತಿಳಿಯುವುದಿಲ್ಲ. ಏನು, ಯಾವಾಗ, ಎಲ್ಲಿ ಅನ್ನೋದು ನಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನೋದು ಮಗುವಿಗೆ ಬಿಟ್ಟಿದ್ದು. ಹೊಸ ರುಚಿ ಹಿಡಿಸಲು ಕೆಲವು ಮಕ್ಕಳಿಗೆ ಹತ್ತು-ಹದಿನೈದು ಸಲ ಬೇಕಾಗುತ್ತದೆ. ಪ್ರತಿ ಸಲ ಒಂದು ಚಮಚ ಬಡಿಸಿ. ಬಿಟ್ಟರೆ ಸುಮ್ನೆ ತಟ್ಟೆ ಎತ್ತಿ.

ಪ್ರಸನ್ನ, ಬಾರ್ಸಿಲೋನಾ: ಶಿಶುವಿಹಾರದಲ್ಲಿ ತಿನ್ನೋದು ಅದಕ್ಕೇ ಇರಬೇಕು. ಎಲ್ಲ ಮಕ್ಕಳೂ ಒಟ್ಟಿಗೆ ಕೂತು ಒಂದೇ ಊಟ ಮಾಡ್ತಾರೆ. ಯುನೆಸ್ಕೋ 2010ರಲ್ಲಿ ಈ ಆಹಾರ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಒಟ್ಟಿಗೆ ಉಣ್ಣುವುದಕ್ಕೆ ದೊಡ್ಡ ಜಾಗ ಕೊಟ್ಟಿತ್ತು.

ಶ್ರೀಧರ್, ಬೆಂಗಳೂರು: ಇದಾದರೆ ನನ್ನ ತಕರಾರಿಲ್ಲ. ದುಡ್ಡು ಸುರಿದು ಎಣ್ಣೆ ತರಿಸೋದಕ್ಕೆ ಮಾತ್ರ ವಿರೋಧ.

ಮೇಘಾ, ಮಿಲಾನ್: ಇವತ್ತಿಂದ ಹಾಲು ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಸಣ್ಣ ಲೋಟ. ಬಾದಾಮಿ, ಆಲಿವ್ ಕೊಡಬಹುದಾ?

ವಿದ್ಯಾ, ಉಡುಪಿ: ಇಡೀ ಬಾದಾಮಿ ಐದು ವರ್ಷದವರೆಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಪುಡಿ ಮಾಡಿ ಗಂಜಿಗೆ ಹಾಕಿ. ಆಲಿವ್‌ನಲ್ಲಿ ಉಪ್ಪು ಜಾಸ್ತಿ. ತೊಳೆದು, ಬೀಜ ತೆಗೆದು, ಸಣ್ಣಗೆ ಹೆಚ್ಚಿ ಅಪರೂಪಕ್ಕೆ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ.